ಬರಾಕತ್ತೀನಿ ಅಂದರೆ ಅಳುವುದಲ್ಲ

ಭಾಷಾ ತಂತ್ರಾಂಶ ಕಚೇರಿಯ ಮಾನ್ಯ ಮುಖ್ಯಸ್ಥರೇ,

ಎಲ್ಲರಿಗೂ ಇರಲಿ ಎಂದು ನಾವು ಕೊಟ್ಟದ್ದಕ್ಕೆ ಕಂಪನಿಯೊಂದು ಬೀಗ ಜಡಿಯಲು ಬಿಟ್ಟಿರಿ. ನಿಮ್ಮ ಕಚೇರಿಗೆ ಬರೆದು ಸಾಕಾಗಿ ಈಗ ಊರ ಮುಂದೆ ಬರೆಯುತ್ತಿದ್ದೇನೆ.

ಫೋನಿಗೆ ಬಂದ ಬರಹವನ್ನು ಬಳ್ಳಾರಿ ಮಾತಿನಲ್ಲೇ ಓದಿ ಹೇಳುವ ತಂತ್ರಾಂಶವನ್ನು ನಾವು ಕೆಲವರು ಬಿಡುವಿನಲ್ಲಿ ಕಟ್ಟಿದೆವು. ದನಿ ಸಿರುಗುಪ್ಪದ ಆಫ್ರೀನಳದು. ಬಟ್ಟೆ ಅಂಗಡಿಯಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಕೂತು ಓದಿಕೊಟ್ಟಳು. ನಮ್ಮ ಲೈಸೆನ್ಸಿನ ಷರತ್ತು ಇಷ್ಟೇ: ಯಾರಾದರೂ ಬಳಸಿ, ತಿದ್ದಿ, ಆದರೆ ತಿದ್ದಿ ಹಂಚಿದ್ದನ್ನೂ ಹೀಗೇ ಎಲ್ಲರಿಗೂ ತೆರೆದಿಡಿ. ಬೇಸಿಗೆಯ ಅರವಟಿಗೆಯ ಹಾಗೆ. ನೀವು ಆಸರೆ ಕೊಡುತ್ತೇವೆಂದಾಗ ಹಕ್ಕನ್ನು ‘ವಹಿಸಿಕೊಟ್ಟೆವು’. ನಮ್ಮ ಕಡೆ ವಹಿಸಿಕೊಡುವುದೆಂದರೆ ಕಾಪಾಡಲು ಕೊಡುವುದು. ನೀವು ಷರತ್ತನ್ನೇ ಕಿತ್ತು ಹಾಕಿದಿರಿ. ಈಗಿನದು ‘ಉದ್ಯಮಸ್ನೇಹಿ’ ಲೈಸೆನ್ಸಂತೆ. ನಮ್ಮೊಂದಿಗೆ ಏನು ವೈರವಿತ್ತು, ಸ್ವಾಮಿ?

ಕಂಪನಿ ಅದನ್ನೊಯ್ದು, ನಮ್ಮ ಮಾತನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಿ ‘ಶುದ್ಧ’ ಮಾಡಿ, ಬೇರೆ ಯಾರೂ ತಿದ್ದದಂತೆ ಒಳಗನ್ನು ಮುಚ್ಚಿ ಫೋನುಗಳಲ್ಲಿ ತುಂಬಿತು. ಕುರುಗೋಡಿನ ದೊಡ್ಡಬಸಮ್ಮನಿಗೆ ಕಣ್ಣು ಕಾಣುವುದಿಲ್ಲ. ಬಳ್ಳಾರಿಗೆ ಮದುವೆಯಾಗಿ ಬಂದ ಮಗಳು ನೇತ್ರಾ ‘ಊರಿಗೆ ಬರಾಕತ್ತೀನಿ’ ಎಂದು ಬರೆದಳು. ಬರುತ್ತಿದ್ದೇನೆ ಅಂತ, ಅಷ್ಟೇ. ಫೋನು ಅದನ್ನು ಒಡೆದು, ‘ಊರಿಗೆ ಬರಲು ಅತ್ತಿದ್ದೇನೆ’ ಎಂದು ಓದಿತು. ಗಂಡನ ಮನೆಯವರು ಕಳಿಸುತ್ತಿಲ್ಲವೆಂದು ಹೆದರಿ ಆ ತಾಯಿ ಒಬ್ಬರೇ ಬಸ್ಸು ಹತ್ತಿಬಿಟ್ಟರು. ಮಗಳು ಕುರುಗೋಡಿನಲ್ಲಿ ಬೀಗ ಹಾಕಿದ ಬಾಗಿಲ ಮುಂದೆ, ತಾಯಿ ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲಿ ಕಂಡಕಂಡವರ ಕೈ ಹಿಡಿದು ಅಳುತ್ತಾ. ನೇತ್ರಾ ಫೋನು ಮಾಡಿದಾಗ ನಾನೇ ಹೋಗಿ ಮನೆಗೆ ಕರೆತಂದೆ.

ಅಂಥ ತಪ್ಪನ್ನು ಮೊದಲಾದರೆ ಆಫ್ರೀನ್ ಅಂದೇ ತಿದ್ದುತ್ತಿದ್ದಳು. ಈಗ ಕಂಪನಿಯದರೊಳಗೆ ಅವಳಿಗೆ ಪ್ರವೇಶವಿಲ್ಲ. ಸುದ್ದಿ ತಿಳಿದು ಹೇಳಿದಳು: “ಅಕ್ಕಾ, ಆಯಮ್ಮನ್ನ ಅಳಿಸಿದ್ದು ನನ್ನ ದನಿ. ಅದನ್ನ ತಿದ್ದಾಕ ನನಗ ಬಿಡಂಗಿಲ್ಲಂದ್ರ ಇನ್ನ ಯಾಕ ಓದ್ಲಿ?”

ಅದೇ ಪ್ರಶ್ನೆಯನ್ನು ನಿಮಗೆ ಕೇಳುತ್ತೇನೆ. ಉತ್ತರವಿದೆಯೇ? ನಿಮ್ಮ ಹಳೆಯ ತಂತ್ರಾಂಶ ಇನ್ನೂ ತೆರೆದೇ ಇದೆಯಲ್ಲ, ಮುಂದುವರಿಸಿ ಎನ್ನುತ್ತೀರಿ. ಯಾರನ್ನು ಕಟ್ಟಿಕೊಂಡು? ಜೊತೆಗೆ ಕಟ್ಟಿದವರು ಒಬ್ಬೊಬ್ಬರೇ ಬಿಟ್ಟು ಹೋದರು. ಯಾರೂ ಸಂಬಳ ಕೇಳಿದವರಲ್ಲ. ತಾವು ಕೊಟ್ಟದ್ದು ಎಲ್ಲರದ್ದಾಗಿ ಉಳಿಯುತ್ತದೆಂಬ ಒಂದೇ ನಂಬಿಕೆಗೆ ದುಡಿದವರು.

ಕಂಪನಿಗೆ ಹೋದದ್ದು ಹೋಯಿತು. ಮುಂದಿನದಕ್ಕಾದರೂ ಆ ಷರತ್ತನ್ನು ಮತ್ತೆ ಬರೆಯಿರಿ, ಹಕ್ಕನ್ನು ನಮಗೆ ಹಿಂತಿರುಗಿಸಿ. ಸಿರುಗುಪ್ಪಕ್ಕೆ ಹೋಗಿ ಮತ್ತೆ ಓದವ್ವಾ ಎಂದು ಆಫ್ರೀನಳನ್ನು ಕೇಳುವ ಕೆಲಸ ನನ್ನದು. ಅವಳು ಒಪ್ಪುತ್ತಾಳೆಂಬ ಧೈರ್ಯ ಮಾತ್ರ ನನಗಿಲ್ಲ.

ಇಂತಿ,
ಸಂಬಳವಿಲ್ಲದ ಕೆಲಸವನ್ನೂ ಕಳೆದುಕೊಂಡ
ಶ್ರೀವಲ್ಲಿ
ಗಾಂಧಿನಗರ, ಬಳ್ಳಾರಿ