ಹೆಸರು ಕೇಳುವ ಪರದೆ

ಮಾರ್ಚ್ ೯, ಭಾನುವಾರ

ಮುದ್ದಿನ ಗುಬ್ಬಿಗೆ ಅಪ್ಪನ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ನೀನು ಹೆಣೆದು ಕಳಿಸಿದ ಸ್ವೆಟರ್ ತಲುಪಿ ತಿಂಗಳಾಯಿತು, ಅಪ್ಪ ಎರಡು ಸಾಲು ಬರೆಯಲಿಲ್ಲವೆಂದು ಕೋಪವೇ? ತಪ್ಪಾಯಿತು. ದರ್ಜಿಯ ಮಗಳಾಗಿ ತೋಳನ್ನು ಅಷ್ಟುದ್ದ ಮಾಡಿದ್ದೀಯಲ್ಲ, ಅದನ್ನು ನಾನೂ ಕ್ಷಮಿಸಿದ್ದೇನೆ. ಆಸ್ಪತ್ರೆಯ ಪಾಳಿ ಮುಗಿಸಿ, ಕಾಲು ನೀಡಿ ಕೂತು ಇದನ್ನು ಓದು. ಫೋನಿನಲ್ಲಿ ಹೇಳೋಣವೆಂದರೆ ನಾಲಿಗೆ ಏಳುವುದಿಲ್ಲ.

ತಡವಾಗಲು ಕಾರಣ ನಿನ್ನ ಹಳೆಯ ಕಂಪ್ಯೂಟರ್. ಅಟ್ಟ ಗುಡಿಸುವಾಗ ನಿನ್ನ ಕಾಲೇಜಿನ ನೋಟುಬುಕ್ ಸಿಕ್ಕಿತು, ರಟ್ಟಿನೊಳಗೆ ಒಂದು ಸಿ.ಡಿ. ಯುನಿಕ್ಸ್ ವಂಶದ ಬಿಎಸ್‌ಡಿ ಎಂಬ, ಕಂಪ್ಯೂಟರನ್ನು ನಡೆಸುವ ತಂತ್ರಾಂಶವನ್ನು ಮನೆಯ ಯಂತ್ರಕ್ಕೆ ಹಾಕುವ ಬಗೆಯನ್ನು ನೋಟುಬುಕ್ಕಿನಲ್ಲಿ ನೀನು ಹಂತ ಹಂತವಾಗಿ ಬರೆದಿದ್ದೆ. ಇದನ್ನು ಅರ್ಧಕ್ಕೆ ಬಿಟ್ಟೆಯೆಂದೇ ಅಲ್ಲವೇ, ನಾನು ನೆಂಟರ ಮುಂದೆಲ್ಲ ನಿನ್ನನ್ನು ಆರಂಭಶೂರೆ ಎಂದು ಆಡಿಕೊಂಡದ್ದು? ಕೊನೆಯ ಪುಟ ಓದಿದವನು ಅಟ್ಟದಲ್ಲೇ ಕೂತುಬಿಟ್ಟೆ. ನೀನು ರಜೆಗೆ ಬರುವಷ್ಟರಲ್ಲಿ ಇದನ್ನು ನನ್ನ ಕೈಯಾರೆ ಹಾಕಿ ಮುಗಿಸಲೇಬೇಕೆಂದು ಹಠ ತೊಟ್ಟೆ.

ಕಬ್ಬಿಣದ ಕಡಲೆ ಕಣಮ್ಮ ಇದು! ಒತ್ತಲು ಒಂದು ಚಿತ್ರವಿಲ್ಲ, ಬರೀ ಅಕ್ಷರ. ಇಂಗ್ಲಿಷ್ ಆಜ್ಞೆಗಳನ್ನೆಲ್ಲ ನನ್ನ ಅಳತೆ ಪುಸ್ತಕಕ್ಕೆ ಇಳಿಸಿಕೊಂಡು, ನೋಡಿ ನೋಡಿ ಕುಟ್ಟಿದೆ. ಅಂಥ ಆಜ್ಞೆಯೇ ಇಲ್ಲ ಎಂದಿತು. ನಾಲ್ಕು ದಿನ ಇದೇ ಪಾಡು. ನಾನು ಬೈಯುವುದು ಕೇಳಿ ನಿನ್ನಮ್ಮ ಬಂದಳು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಪೆಟ್ಟಿಗೆ ಏನ್ರೀ ಮಾಡುತ್ತೆ?" ಎಂದು ಕನ್ನಡಕ ಏರಿಸಿ ಎರಡೂ ಪುಸ್ತಕ ಹೋಲಿಸಿದಳು. "ಅವಳು ಸಣ್ಣಕ್ಷರದಲ್ಲಿ ಬರೆದಿದಾಳೆ. ನೀವು ಎಲ್ಲಾ ದೊಡ್ಡಕ್ಷರ ಮಾಡ್ಕೊಂಡಿದೀರಲ್ಲ!"

ಗಿರಾಕಿಗಳ ಅಳತೆಯನ್ನು ದೊಡ್ಡಕ್ಷರದಲ್ಲಿ ಬರೆದೇ ನಲವತ್ತು ವರ್ಷ ಕಳೆದವನು ನಾನು. ಈ ಯಂತ್ರಕ್ಕೆ ಅದು ಆಗದು.

ಕಂಪ್ಯೂಟರಿನ ಒಳಗಿನ ಡಿಸ್ಕನ್ನು ಎಷ್ಟು ಭಾಗ ಮಾಡಲಿ ಎಂದು ಕೇಳಿದಾಗ ಮಾತ್ರ ನಾನು ಹೆದರಲಿಲ್ಲ, ಕತ್ತರಿ ಹಿಡಿದ ಕೈ ನೋಡು. ಅಲ್ಲೇ ಎಡವಿದೆ. ಒಂದು ಭಾಗ ತೀರ ಗಿಡ್ಡವಾಗಿ, ಜಾಗ ಸಾಲದೆಂದು ಕೆಲಸ ನಡುವೆಯೇ ನಿಂತಿತು. ಬಟ್ಟೆಯಾಗಿದ್ದರೆ ಹಾಳಾಗಿರುತ್ತಿತ್ತು, ಇಲ್ಲಿ ಮತ್ತೆ ಮೊದಲಿಂದ ಕತ್ತರಿಸಬಹುದು. ಮೂರು ಸಲ ಕತ್ತರಿಸಿದೆ. ಸೋತು ಸುಣ್ಣವಾದೆ, ಬಿಡಲಿಲ್ಲ.

ಇವತ್ತು ಬೆಳಿಗ್ಗೆ ಬಂತು, ಗುಬ್ಬಿ! ಕಪ್ಪು ಪರದೆ, ಒಂದು ಸಾಲು ಬಿಳಿ ಅಕ್ಷರ, ಅದರ ಮುಂದೆ ಮಿಟುಕುವ ಒಂದು ಚುಕ್ಕೆ. ಅಷ್ಟೇ.

"ಕೆಟ್ಟೋಯ್ತಾ?" ಎಂದಳು ನಿನ್ನಮ್ಮ.

"ಕೆಟ್ಟಿಲ್ಲ ಕಣೇ, ಹೆಸರು ಕೇಳ್ತಿದೆ," ಎಂದೆ. ಅಂದ ಮೇಲೆ ನನಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಹೋಗಿ ಮುಖ ತೊಳೆದು ಬಂದು ಈ ಕಾಗದ ಬರೆಯುತ್ತಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಹಿಡಿದ ಕೆಲಸವೆಲ್ಲ ನಿನಗೆ ಕೈಗೂಡಲಿ.

ನಿನ್ನ
ಅಪ್ಪ

ಮರೆತಿದ್ದೆ ಎನ್ನಲಾರೆ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ: ನಿನ್ನ ಕೊನೆಯ ಪುಟದಲ್ಲಿ "ಇವತ್ತು ಬಂತು! ನಾಳೆ ಅಪ್ಪಂಗೆ ತೋರಿಸಬೇಕು" ಎಂದಿತ್ತು. ಆ ಮರುದಿನ ನೀನು ಕಾಲೇಜಿಗೆ ಹೋಗಿದ್ದಾಗ ಇದೇ ಕಪ್ಪು ಪರದೆ ಕಂಡು, ಕೆಡಿಸಿಟ್ಟಿದ್ದಾಳೆ ಎಂದು ರಿಪೇರಿಯವನನ್ನು ಕರೆಸಿ ಎಲ್ಲ ಅಳಿಸಿಹಾಕಿಸಿದವನು ನಾನು. "ಕೆಟ್ಟಿರ್ಲಿಲ್ಲ ಅಪ್ಪಾ, ಹೆಸರು ಕೇಳ್ತಿತ್ತು" ಎಂದೆ ನೀನು. ಸುಳ್ಳು ಹೇಳಬೇಡ ಎಂದು ಗದರಿದೆ. ಆಮೇಲೆ ನೀನು ಅದನ್ನು ಮುಟ್ಟಲಿಲ್ಲ. ನನಗೆ ಏನನ್ನೂ ತೋರಿಸಲೂ ಇಲ್ಲ. ತಪ್ಪು ನನ್ನದು, ಮಗಳೇ. ಅದೀಗಲೂ ಹೆಸರು ಕೇಳುತ್ತ ಕೂತಿದೆ. ಗುಬ್ಬಿ ಎಂಬ ಹೆಸರನ್ನಷ್ಟೇ ಅದಕ್ಕೆ ಪರಿಚಯ ಮಾಡಿಸಿದ್ದೇನೆ. ನೀನು ಬಂದು ತೋರಿಸು, ಪಕ್ಕದಲ್ಲಿ ಕೂತು ನೋಡುತ್ತೇನೆ.