ಹ ಇಲ್ಲದ ಹಡಗು

ಗುತ್ತಲು, ಮಂಡ್ಯ
ಗುರುವಾರ ಮಧ್ಯಾಹ್ನ

ಮುನಿಸಿಕೊಂಡು ಮದ್ದೂರಲ್ಲಿ ಕೂತಿರುವ ನನ್ನ ಬುಷ್ರಾಗೆ,

ನೀನು ಫೋನು ಎತ್ತದೆ ಹನ್ನೊಂದು ದಿನವಾಯಿತು. ಮೆಸೇಜಿಗೆ ನೀಲಿ ಗೀಟು ಬೀಳುತ್ತದೆ, ಉತ್ತರ ಬರುವುದಿಲ್ಲ. ಅದಕ್ಕೇ ಈ ಕಾಗದ. ಬೇಕಾದರೆ ಹರಿದು ಹಾಕು, ಹರಿಯುವ ಮುಂಚೆ ಒಂದು ಸಲ ಓದಿಬಿಡು. ಇದು ತಪ್ಪಾಯಿತು ಅನ್ನುವ ಕಾಗದವೋ, ನಿನ್ನ ಜೊತೆ ಜಗಳಕ್ಕೆ ಬರುವ ಕಾಗದವೋ, ಬರೆಯುತ್ತಿರುವ ನನಗೇ ಗೊತ್ತಿಲ್ಲ. ತಲೆ ಕೆಟ್ಟು ಕೆರ ಹಿಡಿದಿದೆ.

ಮೊದಲಿನಿಂದ ಹೇಳುತ್ತೇನೆ. ಸ್ಕೂಲಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಪಾಠ ಮಾಡಿ ಉಳಿದ ಹೊತ್ತಿನಲ್ಲಿ, ಮೂರು ವರ್ಷ, ಭಾನುವಾರಗಳನ್ನೆಲ್ಲ ಸುರಿದು ಒಂದು ವಿಡಿಯೊ ಗೇಮ್ ಮಾಡಿದೆ. ಕೊತ್ತತ್ತಿಯ ಕಬ್ಬಿನ ಗದ್ದೆಯಲ್ಲಿ ನಾವಿಬ್ಬರೂ ಆಡುತ್ತಿದ್ದೆವಲ್ಲ ಐಸ್‌ಪೈಸು, ಅದೇ ಆಟ. ಒಬ್ಬಳು ಅಡಗುತ್ತಾಳೆ, ಇನ್ನೊಬ್ಬಳು ಹುಡುಕುತ್ತಾಳೆ. ಗರಿ ಅಲುಗಿದರೆ ಸಿಕ್ಕಿಬಿದ್ದಳು, ಕಾಲುವೆಯಲ್ಲಿ ಕಾಲಿಟ್ಟರೆ ಸದ್ದು. 'ಅಡಗು' ಅಂತ ಹೆಸರಿಟ್ಟೆ. ಇಷ್ಟಾಗುವವರೆಗೆ ಎಲ್ಲ ಸರಿಯಿತ್ತು. ಆಮೇಲೆ ಮುಖಚಿತ್ರ ಅನ್ನುವ ಪೀಡೆ ಗಂಟುಬಿತ್ತು.

ಗೇಮು ಮಾರುವ ಅಂಗಡಿ ಇರುವುದು ಇಂಟರ್ನೆಟ್ಟಿನಲ್ಲಿ. ಸಾವಿರಾರು ಗೇಮುಗಳ ಮಧ್ಯೆ ನಮ್ಮ ಪಾಲಿಗೆ ಸಿಗುವುದು ಬೆಂಕಿಪೊಟ್ಟಣದಷ್ಟು ಜಾಗ. ಫೋನಿನಲ್ಲಾದರೆ ಹೆಬ್ಬೆರಳ ಉಗುರಿನಷ್ಟು. ಆ ಉಗುರಿನಲ್ಲಿ ಹೆಸರು ಓದಿಸಬೇಕು, ಒಂದು ಆಕಾರ ಎದ್ದು ಕಾಣಬೇಕು, ಇದು ಎಂಥ ಆಟ ಅಂತಲೂ ಗೊತ್ತಾಗಬೇಕು. ತಿಳಿದವರು ಹೇಳುವುದು ಒಂದೇ ಮಾತು: ಚಿತ್ರವನ್ನು ಚಿಕ್ಕದು ಮಾಡಿ ನೋಡು, ಇನ್ನೂ ಚಿಕ್ಕದು ಮಾಡಿ ನೋಡು. ನಾನೇ ಒಂದು ಬರೆದೆ. ಹಸಿರು ಕಬ್ಬಿನ ನಡುವೆ ಹಸಿರು ಲಂಗದ ಹುಡುಗಿ ಅಡಗಿದ್ದಾಳೆ. ಚಿಕ್ಕದು ಮಾಡಿದೆ. ಹುಡುಗಿ ನಿಜವಾಗಿಯೂ ಅಡಗಿಬಿಟ್ಟಳು. ನಮ್ಮವ್ವ ಕನ್ನಡಕ ಹಾಕಿಕೊಂಡು ನೋಡಿ, "ಇದೇನಮ್ಮಿ, ಕೊತ್ತಂಬ್ರಿ ಸೊಪ್ಪು ಮಾರೋ ಆಟ್ವಾ?" ಅಂದಳು. ಅವ್ವನ ಬಾಯಿ ನಿನಗೆ ಗೊತ್ತಲ್ಲ. ಆದರೆ ನನಗೆ ಅಲ್ಲೇ ಗೊಂದಲ ಶುರುವಾಯಿತು. ಅಡಗುವ ಆಟವನ್ನು ತೋರಿಸುವುದಾದರೂ ಹೇಗೆ? ಕಂಡರೆ ಅಡಗಿದ ಹಾಗಾಗಲಿಲ್ಲ, ಅಡಗಿದರೆ ಯಾರೂ ಕೊಳ್ಳಲ್ಲ.

ಆಗ ನಿಮ್ಮಪ್ಪ ನೆನಪಾದರು. ಬಾಬು ಮಾಮ ಬೋರ್ಡು ಬರೆದು ಮುಗಿಸಿದ ಮೇಲೆ ರಸ್ತೆ ದಾಟಿ ಆಚೆ ನಿಂತು, ಕಣ್ಣು ಅರ್ಧ ಮುಚ್ಚಿಕೊಂಡು ನೋಡುತ್ತಿದ್ದರು. "ಬಸ್ಸಲ್ಲಿ ಕುಂತಿರೋನ್ ಕಣ್ಗೆ ಬೀಳ್ಬೇಕು ಕಣಮ್ಮ. ಬಸ್ಸು ನಮ್ಗೋಸ್ಕರ ನಿಲ್ಲಾಕಿಲ್ಲ" ಅನ್ನುತ್ತಿದ್ದರು. ಇಂಟರ್ನೆಟ್ಟಿನ ಪಂಡಿತರೆಲ್ಲ ಸೇರಿ ಹೇಳಿದ್ದು ಅದನ್ನೇ, ಇನ್ನಷ್ಟು ಉದ್ದ ಮಾಡಿ. ಈಗ ಅವರ ಕೈ ನಡುಗುತ್ತದೆ, ಕುಂಚ ನಿನ್ನ ಕೈಗೆ ಬಂದಿದೆ. ಅದಕ್ಕೇ ನಿನಗೆ ಫೋನು ಮಾಡಿದ್ದು. "ಎಸ್ರು ಅಡಗು ಕಣೆ. ಸುತ್ತ ಕಬ್ಬಿರ್ಲಿ, ದೂರದಿಂದ್ಲೇ ಕಾಣ್ಲಿ" ಅಂದೆ. ಅಷ್ಟೇ ಅಂದೆ. ಬಿಡಿಸಿ ಹೇಳಬೇಕಿತ್ತು, ಹೇಳಲಿಲ್ಲ.

ನೀನು ತಗಡಿನ ಮೇಲೆ ಬರೆದು ಫೋಟೊ ಕಳಿಸಿದೆ. ತೆರೆದು ನೋಡಿದರೆ ಕಬ್ಬಿನ ಗದ್ದೆಯ ನಟ್ಟನಡುವೆ ಹಡಗು! ಕೆಂಪು ಹಡಗು, ಹಳದಿ ಪಟ, ಅಲೆಯ ಜಾಗದಲ್ಲಿ ಕಬ್ಬಿನ ತುದಿಯ ಸೂಲಂಗಿ ಹೂವು. ಮೇಲೆ ದಪ್ಪ ಬಿಳಿ ಅಕ್ಷರದಲ್ಲಿ 'ಹಡಗು'.

ಹೇಗಾಯಿತು ಅಂತ ಒಂದು ಗಳಿಗೆಯಲ್ಲಿ ಹೊಳೆಯಿತು. ನಮ್ಮ ಕಡೆಯವರ ಬಾಯಲ್ಲಿ ಹ ನಿಲ್ಲುವುದಿಲ್ಲ. ಹಳ್ಳಿ ಅಳ್ಳಿಯಾಗುತ್ತದೆ, ಹೂವು ಊವಾಗುತ್ತದೆ. ಬೋರ್ಡು ಬರೆಸುವವರು ಚೀಟಿಯಲ್ಲಿ 'ಆಲಿನ ಡೈರಿ', 'ಅಳ್ಳಿ ಊಟ' ಅಂತ ಬಾಯಿಗೆ ಬಂದ ಹಾಗೆ ಬರೆದು ತಂದರೆ, ಬಾಬು ಮಾಮ ಯಾರನ್ನೂ ಕೇಳದೆ ಹ ಸೇರಿಸಿ ಬರೆಯುತ್ತಿದ್ದರು. ಗಿರಾಕಿಗೆ ನಾಚಿಕೆಯಾಗಬಾರದು ಅಂತ ಆಮೇಲೂ ಹೇಳುತ್ತಿರಲಿಲ್ಲ. ನೀನೂ ಹಾಗೇ, ನಾನು ನುಂಗಿದ್ದೇನೆ ಅಂದುಕೊಂಡು ಒಂದು ಹ ವಾಪಸು ಕೊಟ್ಟಿದ್ದೆ. ನಾನು ಯಾವತ್ತೋ ಒಂದು ದಿನ ಸರಿಯಾಗಿ ಮಾತಾಡಿದರೆ ಹೀಗಾಗಬೇಕೇ!

ನಗು ಬಂತು, ಬುಷ್ರಾ. ಬಂದ ನಗುವನ್ನು ಮನೆಯಲ್ಲೇ ನಕ್ಕು ಮುಗಿಸಬೇಕಿತ್ತು. ನಮ್ಮ ಕೊತ್ತತ್ತಿ ಸ್ಕೂಲಿನ ಗ್ರೂಪಿಗೆ ಹಾಕಿದೆ, 'ನಮ್ಮ ಪೇಂಟರಮ್ಮ ಕಬ್ಬಿನ ಗದ್ದೆಗೆ ಹಡಗು ತಂದವ್ಳೆ' ಅಂತ. ನೀನೂ ಅದೇ ಗ್ರೂಪಿನಲ್ಲಿ ಇದ್ದೀಯ ಅನ್ನುವುದು ಮರೆತೇಹೋಗಿತ್ತು. ಮೂವತ್ತು ಜನ ನಕ್ಕರು. ನೀನು ಬರೆದದ್ದು ಎರಡೇ ಮಾತು: "ಬುಡಮ್ಮಿ, ತೆಗ್ದಾಕು." ಅವತ್ತಿನಿಂದ ನನಗೆ ಅನ್ನ ಸೇರುತ್ತಿಲ್ಲ.

ಈಗ ನನ್ನ ಪೇಚಾಟ ಕೇಳು. ನನ್ನ ಸೊಪ್ಪಿನ ಚಿತ್ರವನ್ನೂ ನಿನ್ನ ಹಡಗನ್ನೂ ಉಗುರಿನಷ್ಟು ಮಾಡಿ ಗೇಮು ಮಾಡುವ ಕೆಲವರಿಗೆ ಕಳಿಸಿದೆ. ಇಪ್ಪತ್ತು ಜನರಲ್ಲಿ ಹದಿನೇಳು ಜನ ಹಡಗೇ ಕಣ್ಣಿಗೆ ಬಿತ್ತು ಅಂದರು. ಅವ್ವ ಕನ್ನಡಕವಿಲ್ಲದೆ, ಮಾರು ದೂರದಿಂದ, "ಅಯ್, ಕಬ್ಬಿನ್ ಗದ್ದೇಲಿ ಅಡಗು ಓಯ್ತಾ ಅದೆ" ಅಂದಳು. ಹೆಸರೂ ಬಂತು, ಆಕಾರವೂ ಬಂತು. ಬಸ್ಸಿನಲ್ಲಿ ಕೂತವನಿಗೆ ಕಂಡಿತು. ಆದರೆ ಹದಿನೇಳು ಜನರೂ ಕೇಳಿದ್ದು ಒಂದೇ ಪ್ರಶ್ನೆ, ಹಡಗು ಓಡಿಸಬಹುದಾ? ನನ್ನ ಗೇಮಿನಲ್ಲಿ ಹಡಗೇ ಇಲ್ಲ. ಇಲ್ಲದ್ದನ್ನು ತೋರಿಸಿ ಕರೆದರೆ ಮೋಸ. ಇರುವುದನ್ನು ತೋರಿಸಿದರೆ ಕೊತ್ತಂಬರಿ ಸೊಪ್ಪು. ನೀನು ಮಾಡಿದ್ದು ತಪ್ಪು ಅನ್ನಲೋ, ನೀನೊಬ್ಬಳೇ ಸರಿ ಮಾಡಿದೆ ಅನ್ನಲೋ?

ಮೊನ್ನೆ ಒಂದು ಕಳ್ಳ ಯೋಚನೆ ಬಂತು. ಹಡಗನ್ನು ಅಳಿಸಿ, ನಿನ್ನ ಕಬ್ಬನ್ನು ಮಾತ್ರ ಉಳಿಸಿಕೊಳ್ಳೋಣ ಅಂತ. ಅಳಿಸಬೇಕಾದರೆ ಚಿತ್ರ ದೊಡ್ಡದು ಮಾಡಬೇಕಲ್ಲ, ಮಾಡಿದೆ. ಇಷ್ಟು ದಿನ ಚಿಕ್ಕದು ಮಾಡಿ ಮಾಡಿ ನೋಡಿದ್ದೆನೇ ಹೊರತು ಒಂದು ಸಲವೂ ದೊಡ್ಡದು ಮಾಡಿ ನೋಡಿರಲಿಲ್ಲ. ಪಟದ ಕಂಬದ ತುದಿಯಲ್ಲಿ ಒಬ್ಬ ಹುಡುಗಿ. ಎರಡು ಜಡೆ. ಹಣೆಗೆ ಕೈ ಅಡ್ಡ ಹಿಡಿದು ಯಾರನ್ನೋ ಹುಡುಕುತ್ತಿದ್ದಾಳೆ. ಒಂದು ಕಾಲಿನಲ್ಲಿ ಚಪ್ಪಲಿ ಇದೆ, ಇನ್ನೊಂದರಲ್ಲಿ ಇಲ್ಲ.

ಆ ಚಪ್ಪಲಿ ನನಗೆ ಗೊತ್ತು. ನಾಲ್ಕನೇ ಕ್ಲಾಸು, ದಸರಾ ರಜೆ. ನೀನು ತೂಬಿನ ಕಲ್ಲಿಗೆ ಮುಖ ಒತ್ತಿ ನೂರು ಎಣಿಸಿದೆ, ನಾನು ಕಬ್ಬಿನೊಳಗೆ ಓಡಿದೆ. ಮಧ್ಯಾಹ್ನದಿಂದ ಹಸು ಮನೆಗೆ ಬರುವ ಹೊತ್ತಿನವರೆಗೂ ಹುಡುಕಿದೆ ನೀನು. ಕಾಲುವೆಯ ಕೆಸರಿನಲ್ಲಿ ಒಂದು ಚಪ್ಪಲಿ ಹೋಯಿತು. ಕೊನೆಗೆ ಬಾಬು ಮಾಮ ಬಂದು ನಿನ್ನನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದರು. ಮಾರನೆಯ ದಿನ ನಾನು ನಿನಗೆ, "ಎರಡ್ ಸಲ ನನ್ ಪಕ್ಕದಲ್ಲೇ ಓದೆ ಕಣಮ್ಮಿ, ಉಸ್ರು ಬಿಗಿ ಇಡ್ಕಂಡಿದ್ದೆ" ಅಂದೆ. ಗಗನಳ ಹಾಗೆ ಅಡಗುವುದಕ್ಕೆ ಯಾರಿಗೂ ಬರಲ್ಲ ಅಂತ ನೀನು ಊರಿಗೆಲ್ಲ ಹೇಳಿಕೊಂಡು ಬಂದೆ.

ಇಪ್ಪತ್ತಮೂರು ವರ್ಷವಾಯಿತು, ಹೇಳಿಬಿಡುತ್ತೇನೆ. ನಾನು ಅಡಗಿರಲೇ ಇಲ್ಲ. ನೀನು ಐವತ್ತು ಎಣಿಸುವಷ್ಟರಲ್ಲಿ ಅವ್ವ ಊಟಕ್ಕೆ ಕರೆದಳು. ಬಿಸಿ ಮುದ್ದೆ, ಅವರೆಕಾಳು ಸಾರು. ಉಂಡು, ಅಲ್ಲೇ ಜಗಲಿಯ ಮೇಲೆ ನಿದ್ದೆ ಹೋದೆ. ನೀನು ನೆನಪಿಗೇ ಬರಲಿಲ್ಲ. ಆ ಸುಳ್ಳಿನ ಮೇಲೆ ಒಂದು ಗೇಮು ಕಟ್ಟಿದ್ದೇನೆ ನೋಡು, ಮೂರು ವರ್ಷ ಕೂತು.

ಚಿತ್ರದಲ್ಲಿ ಕಂಬದ ಮೇಲಿನ ಹುಡುಗಿ ಕಬ್ಬಿನೊಳಗೆ ನೋಡುತ್ತಿಲ್ಲ. ಎಡಗಡೆ ಮೂಲೆಯಲ್ಲಿ ಒಂದು ಹೆಂಚಿನ ಮನೆ, ನೀಲಿ ಬಾಗಿಲು, ಒಲೆಯ ಹೊಗೆ. ಬೋರ್ಡಿಗೆ ಹಚ್ಚಿ ಉಳಿದ ನೀಲಿ ಬಣ್ಣವನ್ನು ನಿಮ್ಮಪ್ಪನೇ ನಮ್ಮ ಬಾಗಿಲಿಗೆ ಹಚ್ಚಿದ್ದು. ಆ ಹುಡುಗಿ ನೆಟ್ಟಗೆ ಆ ಬಾಗಿಲನ್ನೇ ನೋಡುತ್ತಿದ್ದಾಳೆ.

ಹಾಗಾದರೆ ನಿನಗೆ ಗೊತ್ತಿತ್ತಾ? ಯಾವಾಗಿಂದ? ಗೊತ್ತಿದ್ದೂ ನನ್ನನ್ನು ಹೊಗಳಿಕೊಂಡು ಓಡಾಡಿದೆಯಾ? ಹಡಗು ಅಂತ ನೀನು ತಪ್ಪು ಕೇಳಿಸಿಕೊಂಡೆಯೋ, ಬೇಕಂತಲೇ ಕೇಳಿಸಿಕೊಂಡೆಯೋ? ಗಿರಾಕಿಗೆ ನಾಚಿಕೆಯಾಗಬಾರದು ಅಂತ ಇಷ್ಟು ವರ್ಷ ಸುಮ್ಮನಿದ್ದೆಯಾ? ನನಗೆ ಒಂದೂ ಅರ್ಥವಾಗುತ್ತಿಲ್ಲ, ಅಳು ಮಾತ್ರ ಬರುತ್ತಿದೆ.

ಆಟ ಬದಲಾಯಿಸಿದ್ದೇನೆ. ಈಗ ಹುಡುಕುವವಳು ಕಬ್ಬೆಲ್ಲ ಸುತ್ತಿ ಸುಸ್ತಾದಾಗ ಗದ್ದೆಯ ನಡುವೆ ಒಂದು ಕೆಂಪು ಹಡಗು ಸಿಗುತ್ತದೆ. ಕಂಬ ಹತ್ತಿದರೆ ನೀಲಿ ಬಾಗಿಲು ಕಾಣುತ್ತದೆ. ಬಾಗಿಲು ತಟ್ಟಿದರೆ ಒಳಗಿರುವವಳು ಎಂಜಲು ಕೈಯಲ್ಲೇ ಎದ್ದು ಬರಬೇಕು. ಹೆಸರೂ ನೀನು ಬರೆದದ್ದೇ ಇರಲಿ, 'ಹಡಗು'. ಹೇಗೂ ನಮ್ಮ ಜನ ಅದನ್ನು ಓದುವುದು 'ಅಡಗು' ಅಂತಲೇ.

ಸೋಮವಾರ ಅಂಗಡಿಯ ಪುಟ ತೆರೆಯಬೇಕು. ಚಿತ್ರದ ಜಾಗ ಇನ್ನೂ ಖಾಲಿ ಇದೆ. ನೀನು ಹೂಂ ಅನ್ನದೆ ಹಾಕುವುದಿಲ್ಲ. ನೀನು ಬೇಡ ಅಂದರೆ ಕೊತ್ತಂಬರಿ ಸೊಪ್ಪೇ ಗತಿ, ಆಗಲಿ. ಗ್ರೂಪಿನಲ್ಲಿ ಮಾತ್ರ ಈಗಲೇ ಬರೆದಿದ್ದೇನೆ, ಪೇಂಟರಮ್ಮ ಸರಿ, ಟೀಚರಮ್ಮ ಕಳ್ಳಿ ಅಂತ.

ಭಾನುವಾರ ಬೆಳಿಗ್ಗೆ ಕೊತ್ತತ್ತಿಗೆ ಹೋಗುತ್ತೇನೆ. ತೂಬಿನ ಹಿಂದಿನ ಗದ್ದೆಯಲ್ಲಿ ಕಬ್ಬು ಆಳೆತ್ತರ ಬಂದಿದೆಯಂತೆ. ಅಲ್ಲಿ ಕೂತಿರುತ್ತೇನೆ. ಅವ್ವ ಫೋನು ಮಾಡಿ ಊಟಕ್ಕೆ ಕರೆದರೂ ಏಳುವುದಿಲ್ಲ. ಹಸು ಮನೆಗೆ ಬರುವ ಹೊತ್ತಿನವರೆಗೂ ಇರುತ್ತೇನೆ. ಎರಡೂ ಚಪ್ಪಲಿ ಹಾಕಿಕೊಂಡು ಬಾ.

ಬಾಬು ಮಾಮನ ಕೈ ನಡುಕ ನಿಲ್ಲಲಿ. ನಿನ್ನ ಕುಂಚ ಒಣಗದಿರಲಿ. ನೀನು ಬರೆದ ಒಂದೊಂದು ಅಕ್ಷರವೂ ಓಡುವ ಬಸ್ಸಿನವರ ಕಣ್ಣಿಗೆ ಬೀಳಲಿ.

ಈ ಸಲ ನಿಜವಾಗಿಯೂ ಅಡಗಿರುವ,
ನಿನ್ನ ಗಗನ