ಆಣೆ ಇಲ್ಲದ ಬೆರಳು

ಪಣಕಹಳ್ಳಿ
18-11-2024, ಸೋಮವಾರ

ಕೊಳ್ಳೇಗಾಲದ ಶಿವಮಲ್ಲಮ್ಮ ಅತ್ತಿಗೆಯವರಿಗೆ ನಿಮ್ಮ ತಮ್ಮನ ಮನೆಯಿಂದ ರತ್ನಮ್ಮಣ್ಣಿ ಮಾಡುವ ಶರಣು.

ನಾವು ಕ್ಷೇಮ ಎಂದು ಬರೆದರೆ ನೀವು ನಂಬುವವರಲ್ಲ. ಆದ್ದರಿಂದ ಹಸು ಕ್ಷೇಮ, ರಾಗಿ ಕ್ಷೇಮ, ಅವರೆ ಹೂವು ಬಿಟ್ಟಿದೆ ಎಂದು ಮಾತ್ರ ಬರೆಯುತ್ತೇನೆ. ಫೋನು ಇದ್ದೂ ಕಾಗದ ಯಾಕೆ ಎನ್ನುತ್ತೀರಿ. ನಿಮ್ಮ ಮನೆಯಲ್ಲಿ ಯಾರು ಫೋನು ಎತ್ತಿದರೂ ಸ್ಪೀಕರ್ ಹಾಕಿ ಹಜಾರದ ಮಧ್ಯೆ ಇಡುತ್ತಾರೆ. ಇದು ಹಜಾರದ ಮಾತಲ್ಲ.

ನೀವು ಕೇಳಿದ್ದು ಒಂದೇ ಪ್ರಶ್ನೆ. ತರಕಾರಿ ಮಂಡಿಯ ಹಿಂದೆ ಕೂತು, ಕೋಸು ಮಾರಿದ ದುಡ್ಡನ್ನು ಇಸ್ಪೀಟಿನಲ್ಲಿ ಬಿಟ್ಟು ಬರೀ ಚೀಲ ಮಡಿಚಿಕೊಂಡು ಬರುತ್ತಿದ್ದ ತಮ್ಮನನ್ನು ಹೋದ ಕಾರ್ತಿಕದಲ್ಲಿ ನೀವೇ ಮಾದಪ್ಪನ ಬೆಟ್ಟಕ್ಕೆ ಕರೆದೊಯ್ದಿರಿ. ಉರಿಯುವ ಕರ್ಪೂರದ ಮೇಲೆ ಕೈ ಇಡಿಸಿ, ಈ ಕೈ ಇನ್ನು ಇಸ್ಪೀಟು ಎಲೆ ಮುಟ್ಟುವುದಿಲ್ಲ ಎಂದು ಆಣೆ ಮಾಡಿಸಿದಿರಿ. ಈ ಅಮಾವಾಸ್ಯೆಗೆ ವರ್ಷ ತುಂಬುತ್ತದೆ. ಹುಲಿವಾಹನದ ಸೇವೆ ಮಾಡಿಸಿ, ಅದೇ ದೇವರ ಮುಂದೆ ನಿಂತು ನಡೆಸಿಕೊಟ್ಟೆ ಎಂದು ಅವರ ಬಾಯಲ್ಲಿ ಹೇಳಿಸಬೇಕೆಂದಿದ್ದೀರಿ. ಸುಳ್ಳಾಡಿ ನಿಂತನೆಂದು ತಿಳಿದರೆ ಪಣಕಹಳ್ಳಿಯ ಹೊಸ್ತಿಲು ತುಳಿಯುವುದಿಲ್ಲ ಎಂದೂ ಹೇಳಿದ್ದೀರಿ. ನೀವು ಹೇಳಿದ್ದು ಮಾಡುವವರು. ಅವ್ವ ಹೋದ ಮೇಲೆ ನಿಮ್ಮ ತಮ್ಮನಿಗೆ ಅವ್ವನ ಜಾಗದಲ್ಲಿ ಇರುವವರು ನೀವೊಬ್ಬರೇ, ಅದು ನನಗೂ ಗೊತ್ತು. ಅವರು ನಿಲ್ಲಬಹುದೋ ಬಾರದೋ, ಅಮಾವಾಸ್ಯೆಯೊಳಗೆ ಹೇಳು ಎಂದಿರಿ.

ನಿಲ್ಲಬಹುದು ಅತ್ತಿಗೆ. ಅವರು ಎಲೆ ಮುಟ್ಟಿಲ್ಲ.

ಆದರೆ ಆಟ ನಡೆದಿದೆ. ಎರಡೂ ನಿಜ. ಹೇಗೆಂದು ಹೇಳುತ್ತೇನೆ, ಕೂತುಕೊಂಡು ಓದಿ.

ಮುಂಗಾರಿನ ಹೊತ್ತಿಗೆ ಅವರ ಫೋನಿಗೆ ರಮ್ಮಿ ಆಟದ ಜಾಹೀರಾತು ಬಂತು. ಆಪು ಹಾಕಿಸಿಕೊಂಡರೆ ಆಡಲು ಮೊದಲ ದುಡ್ಡು ಆಪಿನವರೇ ಕೊಡುತ್ತಾರಂತೆ. ತಮ್ಮ ಕೈಯಿಂದ ದುಡ್ಡು ಕೊಡುವ ಜೂಜುಕೋರರನ್ನು ಮಂಡಿಯ ಹಿಂದೆ ನಿಮ್ಮ ತಮ್ಮ ನೋಡಿರಲಿಲ್ಲ, ಆದ್ದರಿಂದ ಗೌರವ ಹುಟ್ಟಿತು. ಹಾಕಿಸಿಕೊಂಡರು. ಹದಿಮೂರು ಎಲೆ ಗಾಜಿನ ಮೇಲೆ ಬಂದು ಕೂತವು. ಒಂದನ್ನು ಒತ್ತಿ ಎತ್ತಬೇಕು, ಒಂದನ್ನು ಒತ್ತಿ ಬಿಡಬೇಕು. ಅಲ್ಲಿಗೆ ಅವರಿಗೆ ಕರ್ಪೂರದ ಬಿಸಿ ನೆನಪಾಯಿತು. ಗಾಜಿನ ಮೇಲಿನ ಎಲೆಯೂ ಎಲೆಯೇ, ಒತ್ತಿದರೆ ಮುಟ್ಟಿದಂತೆಯೇ ಎಂಬ ವಿಷಯದಲ್ಲಿ ಅವರಿಗೆ ಒಂದು ಚೂರೂ ಅನುಮಾನವಿರಲಿಲ್ಲ. ನಾನು ಜಗಲಿಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದೆ. ಬಿಸಿ ಪಾತ್ರೆ ತರುವವರಂತೆ ಫೋನನ್ನು ಅಂಚಿನಲ್ಲಿ ಹಿಡಿದು ತಂದು ನನ್ನ ಮುಂದೆ ಇಟ್ಟರು.

“ಅಮ್ಮಿ, ಇದೊಂದ ಒತ್ತು.”

ಏನದು ಎಂದು ಕೇಳಿದೆ. ಲೆಕ್ಕದ ಆಟ ಎಂದರು. ಅದೂ ಸುಳ್ಳಲ್ಲ.

ಹೀಗೆ ಶುರುವಾಯಿತು. ಅವರು ಹೇಳುವುದು, ನಾನು ಒತ್ತುವುದು. ನಮ್ಮೂರು ತಮಿಳು ಸೀಮೆಗೆ ಸೇರಿದ್ದರಿಂದ ಆಪಿಗೆ ತಮಿಳು ಗೊತ್ತು, ಇಂಗ್ಲಿಷ್ ಗೊತ್ತು, ನನ್ನ ಭಾಷೆ ಗೊತ್ತಿಲ್ಲ. ನನಗೆ ಸಂತೆಯ ತಮಿಳು ಬರುತ್ತದೆ, ಓದುವ ತಮಿಳು ಬರುವುದಿಲ್ಲ. ಒಂದು ಸರದಿಗೆ ಇಷ್ಟೇ ಹೊತ್ತು ಎಂದು ಮೂಲೆಯಲ್ಲಿ ಗಡಿಯಾರ ಓಡುತ್ತಿರುತ್ತದೆ. ಇಸ್ಪೇಟು ಏಳು ಬುಡು ಎನ್ನುತ್ತಾರೆ, ಇಸ್ಪೇಟು ಯಾವುದು ಕಳಾವರ ಯಾವುದು ಎಂದು ನಾನು ಕೇಳುವಷ್ಟರಲ್ಲಿ ಗಡಿಯಾರ ಮುಗಿದಿರುತ್ತದೆ. ಹೇಳುವವರಿಗೆ ಹೊತ್ತಿಲ್ಲ, ಒತ್ತುವವಳಿಗೆ ಗೊತ್ತಿಲ್ಲ. ಪ್ರಾಸ ಬೇಡ ಎನ್ನಬೇಡಿ ಅತ್ತಿಗೆ. ಚಾಮರಾಜನಗರದ ಕಾಲೇಜಿನಲ್ಲಿ ಓದಿದ ಬಿ.ಎ. ಪೈಕಿ ನನ್ನಲ್ಲಿ ಉಳಿದಿರುವುದು ಅದೊಂದೇ.

ಆಪಿನವರು ಆಧಾರ್ ಕೇಳಿದರು, ಮುಖದ ಫೋಟೋ ಕೇಳಿದರು. ಒತ್ತುವವಳು ನಾನಾದ್ದರಿಂದ ನನ್ನ ಹೆಸರೇ ಇರಲಿ, ಅದೇ ಧರ್ಮ ಎಂದರು ನಿಮ್ಮ ತಮ್ಮ. ಹಾಲಿನ ದುಡ್ಡು ಬೀಳುವ ನನ್ನ ಬ್ಯಾಂಕಿನ ಖಾತೆಯನ್ನೇ ಅದಕ್ಕೆ ಕಟ್ಟಿದೆವು. ಕಾಗದದ ಪ್ರಕಾರ ಜೂಜುಗಾರ್ತಿ ನಾನು. ಅವರು ಪಕ್ಕದಲ್ಲಿ ಕೂತು ಮಾತಾಡುವ ಗಂಡ, ಅಷ್ಟೇ.

ನೀವು ಕೇಳುತ್ತೀರಿ, ನಿನಗೆ ಬುದ್ಧಿ ಎಲ್ಲಿ ಹೋಗಿತ್ತು ಎಂದು. ಕಲಿಯುವುದರಲ್ಲಿ ಹೋಗಿತ್ತು. ಒಂದೇ ಜಾತಿಯ ಮೂರು ಎಲೆ ಸಾಲಾಗಿ ಬಂದರೆ ಲೈಫು. ಜೋಕರ್ ಸೇರಿಸದೆ ಒಂದು ಲೈಫು ಆಗಲೇಬೇಕು, ಅದಿಲ್ಲದೆ ಉಳಿದದ್ದು ಏನು ಕೂಡಿದರೂ ಲೆಕ್ಕಕ್ಕಿಲ್ಲ. ಎಲೆ ಕೂಡಿಸುವುದು ಪ್ರಾಸ ಕೂಡಿಸಿದಂತೆಯೇ ಇದೆ ಅತ್ತಿಗೆ. ಒಂದಕ್ಷರ ಸಿಕ್ಕದೆ ಸಾಲು ನಿಂತಿರುತ್ತದೆ, ತಟ್ಟನೆ ಸಿಕ್ಕಿದಾಗ ಮೈ ಹಗುರಾಗುತ್ತದೆ. ಮದುವೆಯಾದಾಗಿನಿಂದ ನನ್ನ ಓದು ಉಪಯೋಗಕ್ಕೆ ಬಂದದ್ದು ಮಕ್ಕಳ ಹೋಂವರ್ಕಿಗೆ, ಮದುವೆ ಕಾಗದದ ಒಕ್ಕಣೆಗೆ. ಹಾಗಿದ್ದವಳಿಗೆ ಇದು ಹಿಡಿಸಿತು. ಹಿಡಿಸಲಿಲ್ಲ ಎಂದು ಬರೆದರೆ ಅದು ಸುಳ್ಳಾಗುತ್ತದೆ.

ಈ ವರ್ಷ ಅವರೆಕಾಯಿ ಬಿಡಿಸುವ ಮೊದಲೇ ನನಗೆ ಒಂದು ಸತ್ಯ ಬಿಡಿಸಿ ಸಿಕ್ಕಿತು. ನಿಮ್ಮ ತಮ್ಮನಿಗೆ ಆಟ ಬರುವುದಿಲ್ಲ. ಕೈಗೆ ಬಂದ ಎಲೆ ಕೆಟ್ಟದಾಗಿದ್ದರೆ ಮೊದಲೇ ಡ್ರಾಪ್ ಒತ್ತಿ ಎದ್ದುಬಿಡಬಹುದು, ನಷ್ಟ ಚೂರೇ ಆಗುತ್ತದೆ. ಅವರು ಒಂದು ಸಲವೂ ಏಳುವುದಿಲ್ಲ. ಬರುತ್ತದೆ ಇರು, ಬರುತ್ತದೆ ಇರು ಎಂದು ಕಾಯುತ್ತಾರೆ. ಬಿಟ್ಟವನು ಬದುಕಿದ, ಬಿಡದವನು ಬೆದಕಿದ. ಒಂದು ದಿನ ಅವರು ಆಡು ಎಂದರು, ನಾನು ಡ್ರಾಪ್ ಒತ್ತಿದೆ.

“ಅದ್ಯಾಕಮ್ಮಿ ಬುಟ್ಟೆ?”

“ಬೆರಳು ನಂದಲ್ವ, ಅದ್ಕೆ.”

ಎರಡು ದಿನ ಫೋನನ್ನು ನನ್ನ ಮುಂದೆ ತರಲಿಲ್ಲ. ಆಮೇಲೆ ಅವರೇ ಬಂದು, ನಿನಗೆ ಸರಿ ಕಂಡದ್ದು ಒತ್ತು ಎಂದರು. ಆ ವಾರ ಗೆದ್ದೆವು. ಗೆದ್ದಾಗ ಅವರ ತಲೆ, ಸೋತಾಗ ನನ್ನ ಬೆರಳು. ಗೆದ್ದದ್ದರ ಎರಡರಷ್ಟು ಮುಂದಿನ ವಾರಗಳಲ್ಲಿ ಹೋಯಿತು ಎಂದು ನಿಮಗೆ ಹೇಳಬೇಕಿಲ್ಲ, ನೀವು ಈ ಕಥೆಯ ಮಂಡಿಯ ಭಾಗವನ್ನು ನೋಡಿದ್ದೀರಿ. ಮಾದಪ್ಪ ಏನೆಂದುಕೊಂಡಾನು ಎಂದು ಒಮ್ಮೆ ಕೇಳಿದೆ. ಅದಕ್ಕವರು, ಮಾದಪ್ಪ ಕೇಳಿದ್ದು ಕೈಯನ್ನು, ಬಾಯನ್ನಲ್ಲ ಎಂದರು. ವಕೀಲಿಕೆ ಓದಿಸಬೇಕಿತ್ತು ನೀವು.

ಈಗ ಹೋದ ವಾರದ್ದು. ನಾನು ಈ ಕಾಗದ ಬರೆಯುತ್ತಿರುವುದೇ ಅದಕ್ಕಾಗಿ.

ಸಂಜೆ ಆಟ ಹಾಕಿ ಒಲೆ ಮೇಲೆ ಎಸರಿಟ್ಟಿದ್ದೆ. ಒಂದು ಕೈ ಎಲೆ ಬಂತು ನೋಡಿ, ವರ್ಷಕ್ಕೊಂದು ಸಲ ಬರುವಂಥದ್ದು. ಹಾಕಿದ್ದ ದುಡ್ಡೂ ಹೆಚ್ಚೇ ಇತ್ತು. ಬೇಕಿದ್ದ ಕೊನೆಯ ಎಲೆಯನ್ನು ನಾನೇ ಎತ್ತಿಕೊಟ್ಟೆ. ಇನ್ನು ಶೋ ಒತ್ತಿ ಎಲೆ ತೋರಿಸಿದರೆ ಗೆದ್ದಂತೆ. ಅಷ್ಟರಲ್ಲಿ ಎಸರು ಉಕ್ಕಿತು, ಓಡಿದೆ. ರಾಗಿ ಹಿಟ್ಟು ಸುರಿದು ಕೋಲು ಹಿಡಿದು ತಿರುವುತ್ತಿದ್ದೆ. ಅವರು ಕೂಗಿದರು. ಹಿಟ್ಟು ಗಂಟಾಗುತ್ತದೆ ಎಂದೆ. ಮತ್ತೆ ಕೂಗಿದರು. ಹೋಗಬಹುದಿತ್ತು ಅತ್ತಿಗೆ, ಅಡುಗೆಮನೆಯಿಂದ ಜಗಲಿಗೆ ಎಷ್ಟು ದೂರ. ನಾನು ಹೋಗಲಿಲ್ಲ. ಬಾಗಿಲ ಸಂದಿಯಿಂದ ನೋಡಿದೆ, ಈ ಮನುಷ್ಯ ಒತ್ತುತ್ತಾರೋ ಇಲ್ಲವೋ ಎಂದು.

ಬೆರಳು ಗಾಜಿನ ಹತ್ತಿರ ಹೋಯಿತು. ನಿಂತಿತು. ಆಮೇಲೆ ಅವರು ಬಲಗೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಚಳಿ ಹತ್ತಿದವರ ಹಾಗೆ ಮುದುರಿ ಕೂತು ಗಡಿಯಾರವನ್ನೇ ನೋಡಿದರು. ಅದು ಮುಗಿಯಿತು. ಆಪು ತಾನೇ ಒಂದು ಎಲೆ ಎಸೆದು ಸರದಿಯನ್ನು ಮುಂದಿನವನಿಗೆ ಕೊಟ್ಟಿತು. ಅವನು ಶೋ ಮಾಡಿದ.

ಬೈಯುತ್ತಾರೆಂದು ಕೋಲು ಹಿಡಿದೇ ಹೊರಗೆ ಬಂದೆ. ಬೈಯಲಿಲ್ಲ.

“ಒತ್ಬೌದಾಗಿತ್ತು ಕಣಮ್ಮಿ. ಆಗ್ನಿಲ್ಲ” ಎಂದರು.

ಆಮೇಲೆ ಉಣ್ಣುವಾಗ, ಇನ್ನು ಬೇಡ, ಅದನ್ನು ಫೋನಿನಿಂದ ತೆಗೆದುಹಾಕು ಎಂದರು. ತೆಗೆಯಬೇಕಾದರೂ ಒತ್ತಬೇಕು, ಅದನ್ನೂ ನನಗೇ ಬಿಟ್ಟಿದ್ದಾರೆ. ಅವತ್ತಿನಿಂದ ಅವರು ಅದರ ಹೆಸರೆತ್ತಿಲ್ಲ. ಮಾರನೇ ದಿನ ತಾಳವಾಡಿಗೆ ಹೋದಾಗ ಈ ಫೋನು ನಿನಗೇ ಇರಲಿ ಎಂದು ತಮಗೊಂದು ಬಟನ್ ಫೋನು ತಂದುಕೊಂಡರು. ಅದರಲ್ಲಿ ಟಾರ್ಚು ಚೆನ್ನಾಗಿದೆ.

ಇಷ್ಟು ನೋಡಿದ ಮೇಲೆ ನನಗನ್ನಿಸಿದ್ದು ಇದು. ಆಣೆಯ ಸುತ್ತಲಿನ ಬೇಲಿ ಹಾರಿದವರು ನಾವಿಬ್ಬರೂ. ಆದರೆ ಆಣೆಯ ಮುಂದೆ ಬಂದಾಗ ನಿಂತ ಕೈ ಅವರದು. ದೇವರ ಮುಂದೆ ನಡೆದದ್ದನ್ನೆಲ್ಲ ಬಿಚ್ಚಿ ಹೇಳಿ, ಮುಟ್ಟಿಲ್ಲ ಎಂದರೆ ಅದು ಸುಳ್ಳಾಗುವುದಿಲ್ಲ. ಬಿಚ್ಚಿ ಹೇಳಲು ಒಪ್ಪಿದ್ದಾರೆ. ಅಕ್ಕನಿಗೆ ಮೊದಲು ನೀನೇ ಬರಿ, ನನ್ನ ಬಾಯಲ್ಲಿ ಬರುವುದಿಲ್ಲ ಎಂದರು. ನೀವು ಅವರನ್ನು ಬೈಯಿರಿ, ಹೊಡೆಯಿರಿ, ಹೊಸ್ತಿಲು ಮಾತ್ರ ಬಿಡಬೇಡಿ. ನಿಮ್ಮ ಹೆಸರು ಬಂದಾಗಲೆಲ್ಲ ಎದ್ದು ಹಸುವಿಗೆ ನೀರು ಕುಡಿಸಲು ಹೋಗುತ್ತಾರೆ. ಹಸು ಎಷ್ಟೆಂದು ಕುಡಿದೀತು.

ಇನ್ನೊಂದು ಕೇಳಿಕೆ. ಅಮಾವಾಸ್ಯೆಗೆ ನನ್ನನ್ನೂ ಬೆಟ್ಟಕ್ಕೆ ಕರೆದುಕೊಂಡು ಹೋಗಿ. ಒಂದು ಕರ್ಪೂರ ಹೆಚ್ಚಿಗೆ ತೆಗೆದುಕೊಳ್ಳಿ. ಈ ಮನೆಯಲ್ಲಿ ಆಣೆ ಇರುವುದು ಒಂದೇ ಕೈಗೆ, ಅದು ಸಾಲದು. ಹೇಳಿಸುವಾಗ ಕೈ ಎಂದಷ್ಟೇ ಹೇಳಿಸಬೇಡಿ. ಕೈ, ಬಾಯಿ, ಕಣ್ಣು, ಮನಸ್ಸು, ಪಕ್ಕದ ಮನೆಯವರ ಬೆರಳು, ಎಲ್ಲವನ್ನೂ ಸೇರಿಸಿ. ಓದಿದವಳು, ಸಂದಿ ಹುಡುಕುತ್ತೇನೆ.

ಭಾವನವರಿಗೆ ಶರಣು ತಿಳಿಸಿ. ಕಾಗದ ಓದಿದ ಮೇಲೆ ಒಲೆಗೆ ಹಾಕಿ, ಹಜಾರದಲ್ಲಿ ಇಡಬೇಡಿ.

ನಿಮ್ಮ ಮಾತಿಗೆ ಕಾಯುತ್ತಿರುವ,
ರತ್ನಮ್ಮಣ್ಣಿ ಉಮಾಶಂಕರ್

ಮರೆತ ಮಾತು: ಹುಲಿವಾಹನದ ಸೇವೆಗೆಂದು ನೀವು ಶುಕ್ರವಾರ ನನ್ನ ಖಾತೆಗೆ ಹಾಕಿದ ದುಡ್ಡು ತಲುಪಿತು. ಸೇವೆಗೆ ಮತ್ತೆ ಹೊಂದಿಸಬೇಕಾಗುತ್ತದೆ, ನನ್ನ ಮೂಗುತಿಯನ್ನು ತರುತ್ತೇನೆ. ನೀವು ಕೊಡುವುದೇನಾದರೂ ಇದ್ದರೆ ಇನ್ನು ಮುಂದೆ ಅವರ ಕೈಗೇ ಕೊಡಿ. ಶನಿವಾರ ಅವರು ಹೊಲದಲ್ಲಿದ್ದರು, ಕತ್ತಲಾಗುವವರೆಗೆ ಮನೆಗೆ ಬಂದಿರಲಿಲ್ಲ. ಫೋನಿನಲ್ಲಿ ಆಪು ಇನ್ನೂ ಹಾಗೇ ಇತ್ತು. ಅವರಿಗೆ ಇನ್ನೂ ಗೊತ್ತಿಲ್ಲ.